ಎರಡು ಹಠಾವೋಗಳ ಕಥೆ

1971ರ ಲೋಕಸಭಾ ಚುನಾವಣೆಯನ್ನು ಇಂದಿರಾ ಗಾಂಧಿ ಗೆದ್ದಿದ್ದು ಬಾಂಗ್ಲಾ ಯುದ್ಧದಿಂದ ಅಂತ ಇವತ್ತಿಗೂ ಬಹಳ ಜನ ನಂಬಿದ್ದಾರೆ. ಚರ್ಚೆಗೆ ಬರೋ ಕೆಲವು ಅತಿಥಿಗಳೂ ಹಾಗೇ ಹೇಳ್ತಾರೆ. ಅದು ತಪ್ಪು. ಮತದಾನ ನಡೆದದ್ದು ಮಾರ್ಚ್‌ನಲ್ಲಿ, ಯುದ್ಧ ನಡೆದದ್ದು ಡಿಸೆಂಬರ್‌ನಲ್ಲಿ. ಹಾಗಾದ್ರೆ ಗೆದ್ದಿದ್ದು ಹೇಗೆ?

ಅದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. 1969ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಹಿರಿಯರಿಗೂ ಇಂದಿರಾ ಅವರಿಗೂ ಇದ್ದ ಬಿರುಕು ಅಲ್ಲೇ ಎದ್ದು ಕಂಡಿತು. ಅದೇ ತಿಂಗಳ 19ಕ್ಕೆ 14 ಬ್ಯಾಂಕ್‌ಗಳ ರಾಷ್ಟ್ರೀಕರಣ. ನವೆಂಬರ್‌ನಲ್ಲಿ ಪಕ್ಷ ಎರಡು ಹೋಳು. ಮಾಜಿ ಮಹಾರಾಜರ ರಾಜಧನ ರದ್ದು ಮಾಡಲು ಹೊರಟರೆ ರಾಜ್ಯಸಭೆಯಲ್ಲಿ ಸೋಲು, ಸುಪ್ರೀಂ ಕೋರ್ಟ್‌ನಲ್ಲೂ ಸೋಲು. 1970ರ ಡಿಸೆಂಬರ್ ಕೊನೆಗೆ, ಅವಧಿಗೆ ಒಂದು ವರ್ಷ ಮೊದಲೇ, ಇಂದಿರಾ ಲೋಕಸಭೆ ವಿಸರ್ಜನೆ ಮಾಡಿಸಿಬಿಟ್ಟರು.

ಎದುರಿಗೆ ಮಹಾಮೈತ್ರಿಕೂಟ. ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್, ಜನಸಂಘ, ಸ್ವತಂತ್ರ ಪಕ್ಷ, ಸಂಯುಕ್ತ ಸಮಾಜವಾದಿಗಳು. ಖಾಸಗಿ ಉದ್ಯಮದ ಪರ ಇದ್ದವರೂ ಸಮಾಜವಾದಿಗಳೂ ಒಂದೇ ವೇದಿಕೆ. ಆರ್ಥಿಕ ನೀತಿಯಲ್ಲಿ ಒಬ್ಬರಿಗೊಬ್ಬರು ಹೊಂದಲ್ಲ. ಹೊಂದುತ್ತಿದ್ದದ್ದು ಒಂದೇ ಮಾತು: ಇಂದಿರಾ ಹಠಾವೋ. ಅದಕ್ಕೆ ಇಂದಿರಾ ಕೊಟ್ಟ ಉತ್ತರ: ಗರೀಬಿ ಹಠಾವೋ. ಅವರು ನನ್ನನ್ನು ತೆಗೀರಿ ಅಂತಾರೆ, ನಾನು ಬಡತನ ತೆಗೀರಿ ಅಂತೀನಿ. ಅಷ್ಟೇ. ಬ್ಯಾಂಕು, ರಾಜಧನದ ಜಗಳ ಜನರ ಕಣ್ಣೆದುರೇ ನಡೆದಿತ್ತು, ಹಾಗಾಗಿ ಮಾತು ನಾಟಿತು. ಫಲಿತಾಂಶ? 518ರಲ್ಲಿ 352 ಸ್ಥಾನ. ಸಂಸ್ಥಾ ಕಾಂಗ್ರೆಸ್‌ಗೆ ಸಿಕ್ಕಿದ್ದು ಬರೀ 16. ನಿಜಲಿಂಗಪ್ಪನವರ ತವರಾದ ಮೈಸೂರು ರಾಜ್ಯದಲ್ಲಿ 27ಕ್ಕೆ 27 ಇಂದಿರಾ ಪಾಲು.

ಬೈದವರು ಸೋತರು, ಯೋಜನೆ ಹೇಳಿದವರು ಗೆದ್ದರು, ಪಾಠ ಮುಗೀತು ಅಂತೀರಾ? ನಾನು ಇಂಜಿನಿಯರಿಂಗ್ ಓದಿದ ಮನುಷ್ಯ. ಲ್ಯಾಬ್‌ನಲ್ಲಿ ಸಂಖ್ಯೆಯ ಮುಂದೆ ಯುನಿಟ್ ಬರೆಯದಿದ್ದರೆ ನಮ್ಮ ಮೇಷ್ಟ್ರು ಮಾರ್ಕ್ಸ್ ಕತ್ತರಿಸುತ್ತಿದ್ದರು. 'ಗರೀಬಿ ಹಠಾವೋ'ಗೆ ಯುನಿಟ್ ಇರಲಿಲ್ಲ. ಎಷ್ಟು ಜನರ ಬಡತನ? ಯಾವ ವರ್ಷದೊಳಗೆ? ಯೋಜನಾ ಆಯೋಗದ ಲೆಕ್ಕದಲ್ಲೇ 1973-74ರಲ್ಲೂ ದೇಶದ ಅರ್ಧಕ್ಕಿಂತ ಹೆಚ್ಚು ಜನ ಬಡತನ ರೇಖೆಯ ಕೆಳಗೇ ಇದ್ದರು.

ಇನ್ನು 1977. 'ಇಂದಿರಾ ಹಠಾವೋ' ಕೂಗು ಮತ್ತೆ ಎದ್ದಿತು, ಈ ಸಲ ಗೆದ್ದೇಬಿಟ್ಟಿತು. ಕಾಂಗ್ರೆಸ್ 154ಕ್ಕೆ ಇಳೀತು, ರಾಯ್‌ಬರೇಲಿಯಲ್ಲಿ ಸ್ವತಃ ಇಂದಿರಾ ಸೋತರು. ಯಾಕೆ? ಈ ಸಲ ಕೂಗಿನ ಹಿಂದೆ ಆರೋಪಪಟ್ಟಿ ಇತ್ತು. ವಿಚಾರಣೆ ಇಲ್ಲದೆ ಜೈಲು, ಪತ್ರಿಕೆಗಳಿಗೆ ಸೆನ್ಸಾರ್, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ. ಇದು ವ್ಯಕ್ತಿಯ ನಿಂದನೆ ಅಲ್ಲ, ಸರ್ಕಾರ ಮಾಡಿದ ಕೆಲಸದ ಲೆಕ್ಕ. ಗೆದ್ದ ಜನತಾ ಸರ್ಕಾರ 44ನೇ ತಿದ್ದುಪಡಿ ತಂದು, ಸುಲಭಕ್ಕೆ ಮತ್ತೆ ತುರ್ತುಪರಿಸ್ಥಿತಿ ಹೇರಲಾಗದಂತೆ ಸಂವಿಧಾನವನ್ನೇ ಬಿಗಿಮಾಡಿತು.

ಆದರೆ ಅದೇ 1977ರಲ್ಲಿ ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್‌ಗೇ ಹೋದವು. ದಕ್ಷಿಣದಲ್ಲಿ ತುರ್ತುಪರಿಸ್ಥಿತಿಯ ಬಿಸಿ ಉತ್ತರದಷ್ಟು ಇರಲಿಲ್ಲ ಅನ್ನೋದು ನಿಜ. ಜೊತೆಗೆ ಇಲ್ಲಿ ದೇವರಾಜ ಅರಸು ಇದ್ದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ, ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿ, ಗೇಣಿದಾರ ತುಂಬುವ ನಮೂನೆ 7. ಘೋಷಣೆ ಪಹಣಿಯ ತನಕ ಇಳಿದಿತ್ತು. ಯಾರ ಹೆಸರಿಗೆ ಎಷ್ಟು ಎಕರೆ ಅಂತ ಎಣಿಸಬಹುದಿತ್ತು.

ಹಾಗಾಗಿ ಎದುರಾಳಿಯನ್ನು ಟೀಕಿಸೋದೇ ತಪ್ಪು ಅಂತ ನಾನು ಹೇಳಲ್ಲ. ಟೀಕೆ ಇಲ್ಲದಿದ್ದರೆ ವಿರೋಧಪಕ್ಷ ಯಾಕೆ ಬೇಕು? ಆರೋಪವಾಗಲಿ, ಭರವಸೆಯಾಗಲಿ, ಪರೀಕ್ಷಿಸಿ ನೋಡಲು ಆಗುತ್ತಾ ಅನ್ನೋದಷ್ಟೇ ಪ್ರಶ್ನೆ.

ಈ ಪ್ರಶ್ನೆ ನನಗೂ ಅನ್ವಯಿಸುತ್ತೆ. ಒಂದು ಚುನಾವಣೆ ವೇಳೆ ನಮ್ಮ ವರದಿಗಾರ ಒಂದು ತಾಲ್ಲೂಕಿನ ಕುಡಿಯೋ ನೀರಿನ ಭರವಸೆಯ ಬೆನ್ನುಹತ್ತಿ ಹೋಗಿದ್ದ. ಐದು ವರ್ಷದ ಹಿಂದೆ ತಂದಿಳಿಸಿದ್ದ ಪೈಪ್‌ಗಳು ರಸ್ತೆ ಬದಿಯಲ್ಲೇ ಬಿದ್ದಿದ್ದವು. ಅಷ್ಟರಲ್ಲಿ ನಾಯಕರೊಬ್ಬರು ಎದುರಾಳಿಗೆ ಕೆಟ್ಟ ಪದ ಬಳಸಿದರು. ರಾತ್ರಿಯಿಡೀ ಅದೇ ಓಡಿತು. ನೀರಿನ ಸುದ್ದಿಗೆ ಸಿಕ್ಕಿದ್ದು 40 ಸೆಕೆಂಡ್. ಆವತ್ತು ಆ ಕುರ್ಚಿಯಲ್ಲಿ ಕೂತಿದ್ದು ನಾನೇ. ಮರುದಿನ ವರದಿಗಾರ ಫೋನ್ ಮಾಡಿ, "ಸಾರ್, ಊರಿನವರು ಟಿವಿಯಲ್ಲಿ ಯಾವಾಗ ಬರುತ್ತೆ ಅಂತ ಕೇಳ್ತಿದಾರೆ" ಅಂದ. ಬಂದುಹೋಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಮುಂದಿನ ಚುನಾವಣೆಯಲ್ಲಿ ನಿಮ್ಮ ಮನೆ ಬಾಗಿಲಿಗೆ ಬಂದವರನ್ನು ಎಷ್ಟು, ಯಾವಾಗ, ಯಾವ ದುಡ್ಡಲ್ಲಿ ಅಂತ ಕೇಳಿ. ನಾನು ಕೇಳೋದು ಮರೆತರೆ ನನ್ನನ್ನೂ ಕೇಳಿ.