ಅಗ್ಗದ ಫೋನಿನ ಚರಿತ್ರೆ

ಹತ್ತು ಸಾವಿರದ ಆಸುಪಾಸಿನಲ್ಲಿ ಯಾವ ಸ್ಮಾರ್ಟ್‌ಫೋನ್ ಕೊಳ್ಳಬಹುದೆಂದು ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಆಗಾಗ ಕೇಳುವುದುಂಟು. ಮಾದರಿಯ ಹೆಸರು ಹೇಳಿದರೆ ಆರು ತಿಂಗಳಲ್ಲಿ ಅದು ಅಂಗಡಿಯಲ್ಲಿ ಸಿಗದು. ಆದ್ದರಿಂದ ಈ ವಸ್ತುವಿನ ಚರಿತ್ರೆಯನ್ನೇ ತುಸು ನೋಡೋಣ.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಚಿವ ಸುಖರಾಂ ಅವರಿಗೆ ಕಲ್ಕತ್ತೆಯಿಂದ ಮಾಡಿದ ಕರೆಯೊಂದಿಗೆ ನಮ್ಮ ದೇಶದಲ್ಲಿ ಮೊಬೈಲ್ ಸೇವೆ ಆರಂಭವಾಯಿತು. ಆಗ ಕರೆ ಬಂದರೂ ಹಣ ತೆರಬೇಕಿತ್ತು. 2003ರಲ್ಲಿ ಆ ಪದ್ಧತಿ ಹೋಯಿತು. ಅದೇ ವರ್ಷ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಫೋನು ಕೊಟ್ಟಿತು. ಉಳಿದುದನ್ನು ತಿಂಗಳು ತಿಂಗಳು ಕಟ್ಟಬೇಕಿತ್ತು ಎಂಬುದು ಅನೇಕರಿಗೆ ಆಮೇಲೆ ಅರಿವಿಗೆ ಬಂದಿತು.

ಆದರೆ ಸಾಮಾನ್ಯನ ಕೈಗೆ ಗಣಕಯಂತ್ರವನ್ನೇ ಕೊಡಬೇಕೆಂಬ ಯೋಚನೆ ಅದಕ್ಕೂ ಮೊದಲೇ ನಮ್ಮ ಬೆಂಗಳೂರಿನಲ್ಲಿ ಮೊಳೆತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅಂಗೈಯಲ್ಲಿ ಹಿಡಿಯುವಂಥದು. ಲಿನಕ್ಸ್‌ನಿಂದ ನಡೆಯುತ್ತಿತ್ತು, ಅಕ್ಷರ ಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯಿತ್ತು. ಸ್ಮಾರ್ಟ್ ಕಾರ್ಡ್ ಬಳಸಿ ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲಿ ಎಂಬುದು ಅದರ ಮೂಲ ಕಲ್ಪನೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್, ಕೈಯನ್ನು ಅಲುಗಿಸಿದರೆ ಪುಟ ಮಗುಚುತ್ತಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನೆದರೆ ಹೆಮ್ಮೆಯಾಗುತ್ತದೆ. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಬೆಲೆ ಸುಮಾರು ಹತ್ತು ಸಾವಿರದಿಂದ ಆರಂಭ. ಅಂದಿನ ಹತ್ತು ಸಾವಿರ ಸಣ್ಣ ಮೊತ್ತವಲ್ಲ. ಮೇಲಾಗಿ ಹಳ್ಳಿಯವನಿಗೆ ಆಗ ಬೇಕಾಗಿದ್ದುದು ಗಣಕಯಂತ್ರವಲ್ಲ, ಮಗಳ ಊರಿಗೊಂದು ಕರೆ ಎಂಬುದು ನನ್ನ ಎಣಿಕೆ.

ಆ ಅಗತ್ಯವನ್ನು ಕಂಡುಕೊಂಡದ್ದು 2003ರ ನೋಕಿಯಾ 1100. ಕ್ಯಾಮೆರಾ ಇಲ್ಲ, ಬಣ್ಣದ ಪರದೆಯಿಲ್ಲ. ಆದರೆ ಧೂಳು ಹೊಗದ ಗುಂಡಿಗಳು, ಬೆವರಿದ ಕೈಯಿಂದಲೂ ಜಾರದ ಮೈ, ದಿನಗಟ್ಟಲೆ ಬಾಳುವ ಬ್ಯಾಟರಿ, ತಲೆಯಲ್ಲೊಂದು ಟಾರ್ಚು! ಕರೆಂಟು ಹೋಗುವ ಊರುಗಳಲ್ಲಿ ಆ ಟಾರ್ಚಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಜಗತ್ತಿನಾದ್ಯಂತ ಅದು ಸುಮಾರು 25 ಕೋಟಿ ಮಾರಾಟವಾಯಿತು.

2016ರಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಎಂಬ ಘೋಷಣೆ ಬಂದಾಗ ದೇಶವೇ ಮುಗಿಬಿದ್ದು, ಕಡೆಗೆ ಅದು ಪೊಲೀಸ್ ಠಾಣೆಯ ಪ್ರಕರಣವಾಯಿತು. ಅದಿರಲಿ. ಇಂದು ಕೊಳ್ಳುವವರಿಗೆ ಹೆಚ್ಚು ಉಪಯುಕ್ತವಾದದ್ದು 2014ರ ಪ್ರಸಂಗ. ಆ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆ ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳೊಡನೆ ‘ಆಂಡ್ರಾಯ್ಡ್ ಒನ್’ ಫೋನುಗಳನ್ನು ತಂದಿತು. ಬೆಲೆ 6,399 ರೂಪಾಯಿ. ಒಳಗಿನ ಸಂಗ್ರಹ ಕೇವಲ 4 ಜಿಬಿ. ನಾಲ್ಕು ಮದುವೆಯ ಫೋಟೋ ಬಂದರೆ ತುಂಬಿಹೋಗುವಷ್ಟು! ಆದರೂ ಅವು ಆಂಡ್ರಾಯ್ಡ್ 4.4ರಿಂದ 6ರವರೆಗೆ ನವೀಕರಣ ಪಡೆದವು. 4.4ರಲ್ಲಿಯೇ ಉಳಿದ ಫೋನುಗಳಲ್ಲಿ 2025ರ ಜನವರಿ 1ರಿಂದ ವಾಟ್ಸಾಪ್ ನಿಂತಿತು.

ಆದ್ದರಿಂದಲೇ ಕ್ಯಾಮೆರಾಕ್ಕೆ ಎಷ್ಟು ಕಣ್ಣುಗಳಿವೆ ಎಂದು ಕೇಳುವ ಬದಲು ಸುರಕ್ಷತೆಯ ನವೀಕರಣ ಎಷ್ಟು ವರ್ಷ ಬರುತ್ತದೆಂದು ಅಂಗಡಿಯವನನ್ನು ಕೇಳಿರಿ ಎನ್ನುತ್ತೇನೆ. ಪಿಂಚಣಿಯ ಹಣ ಬಂದು ಸೇರುವ ಬ್ಯಾಂಕಿನ ಬೀಗದ ಕೈ ಈಗ ಅದೇ ಫೋನಿನೊಳಗಿದೆ. ಸಂಗ್ರಹ, ಬ್ಯಾಟರಿ, ನಿಮ್ಮ ಊರಿನಲ್ಲಿ ರಿಪೇರಿ ಮಾಡುವವರು ಇದ್ದಾರೆಯೇ ಎಂಬುದು ಆನಂತರ. ಆಟವಾಡದವರಿಗೆ ವೇಗದ ಅಂಕಿಸಂಖ್ಯೆಗಳ ಗೊಡವೆ ಬೇಡ.

ಇನ್ನು ಕರೆಯೂ ಅಲ್ಪಸ್ವಲ್ಪ ಹಣ ಪಾವತಿಯೂ ಸಾಕೆನ್ನುವ ಹಿರಿಯರಿಗೆ ಸ್ಮಾರ್ಟ್‌ಫೋನನ್ನು ಒತ್ತಾಯದಿಂದ ಕೊಡಿಸಬೇಕಾಗಿಲ್ಲ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಆರಂಭಿಸಿದ ‘ಯುಪಿಐ 123ಪೇ’ ವ್ಯವಸ್ಥೆಯಿಂದ ಗುಂಡಿಯೊತ್ತುವ ಸಾದಾ ಫೋನಿನಲ್ಲಿಯೂ, ಇಂಟರ್ನೆಟ್ ಇಲ್ಲದೆಯೇ, ಹಣ ಕಳುಹಿಸಬಹುದು.