ದಾರಿಹೋಕನ ತಿನಿಸು: ಬೆಳ್ವೊಲ–ಪುಲಿಗೆರೆ ನಾಡಿನ ಬೀದಿಯ ತಿಂಡಿಗಳನ್ನು ಕುರಿತು ಒಂದು ಇತಿಹಾಸ ವಿಚಾರ

೧. ವಿಷಯ ಪ್ರವೇಶ

ನಾಗಾವಿಯಿಂದ ಹೊರಟು ಗದಗಿನ ತ್ರಿಕೂಟೇಶ್ವರ, ವೀರನಾರಾಯಣ ದೇವಾಲಯಗಳನ್ನೂ ಅಲ್ಲಿಂದ ಮುಂದೆ ಲಕ್ಕುಂಡಿಯ ಬಸದಿ, ಗುಡಿ, ಬಾವಿಗಳನ್ನೂ ನೋಡಿ ಸಂಜೆಗೆ ಮರಳುವ ಅಧ್ಯಯನ ಪ್ರವಾಸವು ನಮ್ಮ ಕಡೆಯ ಇತಿಹಾಸ ವಿದ್ಯಾರ್ಥಿಗಳಿಗೆ ಹೊಸದಲ್ಲ. ಇಂತಹ ಒಂದು ಪ್ರವಾಸದಿಂದ ಹಿಂದಿರುಗುವಾಗ ಗದಗಿನ ಬೀದಿಬದಿಯ ಬಂಡಿಯೊಂದರ ಮುಂದೆ ನಿಂತು ಎಲ್ಲರೂ ಮಿರ್ಚಿಭಜಿಯನ್ನೂ ಗಿರ್ಮಿಟ್ಟನ್ನೂ ತಿನ್ನುತ್ತಿದ್ದೆವು. ಚಾಲುಕ್ಯರ ಕಾಲದ ಪ್ರವಾಸಿಗಳಿಗೂ ಇದೇ ಸಿಗುತ್ತಿತ್ತೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ದಿನವಿಡೀ ಚಾಲುಕ್ಯರನ್ನೇ ವರ್ಣಿಸಿದ್ದ ಪ್ರಸ್ತುತ ಲೇಖಕನು ಹಿಂದುಮುಂದು ನೋಡದೆ, ‘ಇದ್ದೇ ಇರಬೇಕು, ಮಾನಸೋಲ್ಲಾಸದಲ್ಲಿ ಎಲ್ಲವೂ ಇದೆ’ ಎಂದುಬಿಟ್ಟನು. ಕೈಯಲ್ಲಿದ್ದ ಭಜಿಯನ್ನು ಮುರಿದು ನೋಡಿದ ಇನ್ನೊಬ್ಬ ವಿದ್ಯಾರ್ಥಿಯು, ‘ಸರ್, ಆಗ ಮೆಣಸಿನಕಾಯಿ ಎಲ್ಲಿತ್ತು?’ ಎಂದನು. ಉತ್ತರವು ತಪ್ಪಾಗಿತ್ತೆಂಬುದು ಅಲ್ಲಿಯೇ ಸ್ಪಷ್ಟವಾಯಿತು.

ಈ ಲೇಖನವು ಆ ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನವಾಗಿದೆ. ಸ್ಥಳೀಯವಾದುದೆಲ್ಲವೂ ಪ್ರಾಚೀನವೆಂದು ಭಾವಿಸುವುದು ಪ್ರವಾಸಿಗನಿಗೆ ಸಹಜವಾದೀತು; ಇತಿಹಾಸದ ಅಧ್ಯಾಪಕನಿಗೆ ಅದು ಸಲ್ಲದು. ಪರಸ್ಥಳಕ್ಕೆ ಹೋದವನು ಅಲ್ಲಿಯ ಬೀದಿಯಲ್ಲಿ ಕೊಂಡು ತಿನ್ನುವ ತಿನಿಸನ್ನು ಒಂದು ಐತಿಹಾಸಿಕ ದಾಖಲೆಯೆಂದು ಓದಲು ಸಾಧ್ಯವೇ, ಓದಿದರೆ ಅದು ಏನನ್ನು ಹೇಳುತ್ತದೆ, ಎಂಬುದೇ ಇಲ್ಲಿಯ ವಿಚಾರ.

೨. ಗ್ರಂಥಗಳ ಸಾಕ್ಷ್ಯ

ಕನ್ನಡ ನಾಡಿನ ಆಹಾರದ ಬಗೆಗೆ ನಮಗೆ ದೊರೆಯುವ ಲಿಖಿತ ಸಾಮಗ್ರಿ ಅಲ್ಪವೇನಲ್ಲ. ಸುಮಾರು 920ರ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಕೃಷಿ, ವೈದ್ಯ, ವಾಸ್ತು ಮೊದಲಾದವುಗಳೊಡನೆ ಪಾಕವನ್ನೂ ಒಂದು ವಿಷಯವಾಗಿ ಗಣಿಸಿದೆ. ಮುಮ್ಮಡಿ ಮಂಗರಸನ ‘ಸೂಪಶಾಸ್ತ್ರ’ವು ಹದಿನಾರನೆಯ ಶತಮಾನದ ಆರಂಭದ್ದು, ಷಟ್ಪದಿಯಲ್ಲಿ ಬರೆದ ಈ ಪಾಕಗ್ರಂಥದ ಮೊದಲ ಅಧ್ಯಾಯವು ಹಿಟ್ಟಿನ ತಿನಿಸುಗಳಿಗೇ ಮೀಸಲಾಗಿದೆ.

ಇವೆಲ್ಲವುಗಳಲ್ಲಿ ಪ್ರಖ್ಯಾತವಾದುದು ಕಲ್ಯಾಣದ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’. 1130ರ ಸುಮಾರಿನ ಈ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ ಮಂಡಕ, ಪೋಲಿಕಾ, ವಟಕ, ಧೋಸಕ, ಇಡರಿಕಾ, ಘಾರಿಕಾ ಮೊದಲಾದ ತಿನಿಸುಗಳು ವರ್ಣಿತವಾಗಿವೆ. ಮಂಡಕವು ಗೋಧಿಯ ಹಿಟ್ಟನ್ನು ತೆಳ್ಳಗೆ ಹಿಗ್ಗಿಸಿ, ಬೋರಲು ಹಾಕಿದ ಮಡಕೆಯ ಮೇಲೆ ಬೇಯಿಸುವಂತಹುದು. ಬೆಳಗಾವಿ ಕಡೆಯ ಮಂಡಿಗೆಯನ್ನು ಕಂಡವರಿಗೆ ಈ ವರ್ಣನೆಯು ಅಪರಿಚಿತವೆನಿಸದು. ಉತ್ತರ ಕರ್ನಾಟಕದ ಮನೆಗಳಲ್ಲಿ ಬೆಲ್ಲ ಹಾಕಿ ಕರಿಯುವ ಗಾರಿಗೆಯ ಹೆಸರು ಘಾರಿಕಾ ಶಬ್ದವನ್ನು ಹೋಲುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗ್ರಂಥದ ಇಡರಿಕಾ ಉದ್ದಿನಿಂದ ಆದುದು. ಇಂದಿನ ಇಡ್ಲಿಯಲ್ಲಿರುವ ಅಕ್ಕಿ ಅದರಲ್ಲಿಲ್ಲ. ಹೆಸರು ಉಳಿದು ವಸ್ತು ಬದಲಾಗುವುದುಂಟು. ವಸ್ತು ಉಳಿದು ಹೆಸರು ಬದಲಾಗುವುದೂ ಉಂಟು. ಹೆಸರಿನ ಸಾಮ್ಯವೊಂದನ್ನೇ ನಂಬಿ ಪರಂಪರೆಯನ್ನು ಕಟ್ಟುವುದು ಮನಸ್ಸಿನಲ್ಲಿ ಮಂಡಿಗೆ ತಿಂದಂತೆ ಆದೀತು.

ಇನ್ನೊಂದು ಮಿತಿಯೂ ಉಂಟು. ಮಾನಸೋಲ್ಲಾಸವು ಅರಸನು ಅರಸನಿಗಾಗಿ ಬರೆದ ಗ್ರಂಥ. ಅದರಲ್ಲಿ ಕಾಣುವುದು ಅರಮನೆಯ ತಟ್ಟೆಯೇ ಹೊರತು ಸಂತೆಯ ಎಲೆಯಲ್ಲ.

೩. ಶಾಸನಗಳೂ ವಚನಕಾರರೂ

ಅರಮನೆಯಿಂದ ಹಾದಿಗೆ ಇಳಿದರೆ ಶಾಸನಗಳು ನೆರವಿಗೆ ಬರುತ್ತವೆ. ಇಂದಿನ ಗದಗ ಜಿಲ್ಲೆಯ ಬಹುಭಾಗವು ಚಾಲುಕ್ಯರ ಕಾಲದಲ್ಲಿ ಬೆಳ್ವೊಲ–300 ಮತ್ತು ಪುಲಿಗೆರೆ–300 ಎಂಬ ನಾಡುಗಳಿಗೆ ಸೇರಿತ್ತು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಾದ ಪ್ರದೇಶವನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಪುಲಿಗೆರೆಯನ್ನೂ ಹೆಸರಿಸಿರುವುದು ಸುಪ್ರಸಿದ್ಧ. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಜಿನಾಲಯವನ್ನು ಕಟ್ಟಿಸಿದುದು 1007ರ ಶಾಸನದಿಂದ ತಿಳಿದಿದೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರು ಈ ಹಾದಿಗಳಲ್ಲಿ ಸಂಚರಿಸುತ್ತಿದ್ದರು.

ಇಂತಹ ನಾಡಿನಲ್ಲಿ ದಾರಿಹೋಕರ ಹಸಿವು ಬಾಯಾರಿಕೆಗಳಿಗೆ ವ್ಯವಸ್ಥೆ ಇದ್ದೇ ಇದ್ದಿತು. ಕನ್ನಡ ಶಾಸನಗಳಲ್ಲಿ ಸತ್ರಕ್ಕೆ, ತಪೋಧನರ ಆಹಾರದಾನಕ್ಕೆ, ಅರವಟ್ಟಿಗೆಗೆ ಬಿಟ್ಟ ದತ್ತಿಗಳು ಹೇರಳವಾಗಿವೆ. ಸಂತೆಯ ಸುಂಕಗಳ ಉಲ್ಲೇಖಗಳೂ ಇವೆ. ಆದರೆ ಶಾಸನವು ಹುಟ್ಟುವುದು ದಾನದಿಂದ. ಕೊಟ್ಟದ್ದನ್ನು ಅದು ಕಲ್ಲಿನ ಮೇಲೆ ಕೆತ್ತಿಸುತ್ತದೆ. ಕಾಸಿಗೆ ಕೊಂಡು ನಿಂತಲ್ಲಿಯೇ ತಿಂದದ್ದನ್ನು ಕೆತ್ತಿಸುವ ಪ್ರಸಂಗ ಬರುವುದಿಲ್ಲ. ಧರ್ಮಾರ್ಥವಾಗಿ ಬಡಿಸಿದವನಿಗೆ ಶಾಸನ ದೊರೆಯಿತು. ಒಲೆಯ ಮುಂದೆ ಕುಳಿತು ಕರಿದು ಮಾರಿದವಳಿಗೆ ದೊರೆಯಲಿಲ್ಲ.

ಈ ಮೌನವನ್ನು ಸ್ವಲ್ಪಮಟ್ಟಿಗಾದರೂ ಮುರಿದುದು ಹನ್ನೆರಡನೆಯ ಶತಮಾನದ ಶರಣರ ಚಳವಳಿ. ಬತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ಎಣ್ಣೆ ತೆಗೆಯುವ ಗಾಣದ ಕಣ್ಣಪ್ಪ, ಹೆಂಡ ಮಾರುತ್ತಿದ್ದ ಹೆಂಡದ ಮಾರಯ್ಯ—ಇವರ ಹೆಸರುಗಳು ಅವರವರ ಕಾಯಕದೊಡನೆ ಉಳಿದು ಬಂದಿವೆ. ಸೋಮೇಶ್ವರನ ಗ್ರಂಥ ಹುಟ್ಟಿದ ಶತಮಾನದಲ್ಲಿಯೇ, ಅವನ ಕಲ್ಯಾಣದಲ್ಲಿಯೇ, ಹಿಟ್ಟು ಎಣ್ಣೆಗಳ ಹಿಂದಿನ ಕೈಗಳಿಗೂ ಹೆಸರು ದೊರೆಯಿತೆಂಬುದು ಗಮನಾರ್ಹ.

೪. ವಿದೇಶೀ ಯಾತ್ರಿಕರ ಮಾತು

ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್‌ನು ಅಲ್ಲಿಯ ಪೇಟೆಗಳ ಸಮೃದ್ಧಿಯನ್ನು ಬಾಯಿತುಂಬ ಹೊಗಳಿದ್ದಾನೆ. ಅಕ್ಕಿ, ಗೋಧಿ, ಹೆಸರು, ಹುರುಳಿ ಮೊದಲಾದವು ಅಗ್ಗವಾಗಿ ದೊರೆಯುತ್ತಿದ್ದುವೆಂದು ಹೇಳಿ, ಗೋಧಿಯನ್ನು ಮುಸಲ್ಮಾನರ ಹೊರತು ಬೇರೆಯವರು ತಿನ್ನದಿರುವುದರಿಂದ ಅದು ಉಳಿದ ಧಾನ್ಯಗಳಷ್ಟು ಸಾಮಾನ್ಯವಲ್ಲವೆಂದು ಸೇರಿಸುತ್ತಾನೆ. ಈ ಮಾತನ್ನು ಇಡೀ ಕನ್ನಡ ನಾಡಿಗೆ ಅನ್ವಯಿಸಿದರೆ ಸೋಮೇಶ್ವರನ ಗೋಧಿಯ ಮಂಡಕವನ್ನು ಎಲ್ಲಿ ಇಡುವುದು? ಯಾತ್ರಿಕನು ತಾನು ಕಂಡ ಪೇಟೆಯನ್ನು ಹೇಳುತ್ತಾನೆ. ಕಾಣದ ಮನೆಯನ್ನು ಊಹಿಸುತ್ತಾನೆ. ಮೊದಲನೆಯದನ್ನು ಸ್ವೀಕರಿಸಿ ಎರಡನೆಯದನ್ನು ಒರೆಗೆ ಹಚ್ಚುವುದು ನಮ್ಮ ಕರ್ತವ್ಯ.

ಪಾಯೆಸ್‌ನ ಬರಹವನ್ನು ರಾಬರ್ಟ್ ಸಿವೆಲ್ಲನು 1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಗ್ಲಿಷಿಗೆ ತಂದನು. ಆ ಅನುವಾದದಲ್ಲಿ ಮೆಕ್ಕೆಜೋಳವೆಂಬ ಅರ್ಥ ಬರುವ ಪದವೊಂದಿದೆ. ಮೆಕ್ಕೆಜೋಳವು ಅಮೆರಿಕ ಖಂಡದ ಬೆಳೆ. ಯಾತ್ರಿಕನು ಕಂಡುದು ನಮ್ಮ ಬಿಳಿಜೋಳವೇ ಆಗಿರಬೇಕು. ಹೊಸ ಧಾನ್ಯವು ಮುಂದೆ ಬಂದಾಗ ನಮ್ಮ ಜನರು ಅದನ್ನು ಮೆಕ್ಕೆಜೋಳ, ಗೋವಿನಜೋಳ ಎಂದು ಹಳೆಯ ಹೆಸರಿಗೇ ಸೇರಿಸಿಕೊಂಡರು.

೫. ಒಂದು ಎಲೆಯ ಪರೀಕ್ಷೆ

ಈಗ ಗದಗಿನ ಬಂಡಿಯ ಮುಂದೆ ಮತ್ತೊಮ್ಮೆ ನಿಲ್ಲೋಣ. ಮಿರ್ಚಿಭಜಿಯ ಹೊರಗಿನ ಕಡಲೆಹಿಟ್ಟು, ಜೀರಿಗೆ, ಅಜವಾನಗಳು ಈ ನಾಡಿಗೆ ಹಳೆಯವು. ಹಿಟ್ಟಿನಲ್ಲಿ ಅದ್ದಿ ಕರಿಯುವ ವಿದ್ಯೆಯೂ ಹಳೆಯದು. ಆದರೆ ಒಳಗಿರುವ ಮೆಣಸಿನಕಾಯಿ ಅಮೆರಿಕ ಖಂಡದ್ದು. ವಾಸ್ಕೋ ಡ ಗಾಮನು ಕಲ್ಲಿಕೋಟೆಯನ್ನು ತಲುಪಿದ 1498ರ ಅನಂತರ, ಪೋರ್ಚುಗೀಸರ ಹಡಗುಗಳ ಮೂಲಕ ಅದು ಪಶ್ಚಿಮ ಕರಾವಳಿಗೆ ಬಂದಿತು. ಗೋವೆಯು ಪೋರ್ಚುಗೀಸರ ವಶವಾದುದು 1510ರಲ್ಲಿ. ಗೋವೆಯಿಂದ ನಮ್ಮ ನಾಡಿಗೆ ಘಟ್ಟದ ಹಾದಿಗಳಿದ್ದೇ ಇದ್ದುವು. ಮಾನಸೋಲ್ಲಾಸದ ಖಾರ ಮುಖ್ಯವಾಗಿ ಕರಿಮೆಣಸಿನದು. ಕನ್ನಡದ ಶಬ್ದವೇ ಈ ಇತಿಹಾಸವನ್ನು ಹೇಳುತ್ತದೆ: ಮೊದಲು ‘ಮೆಣಸು’ ಇದ್ದಿತು; ಅದರಂತೆಯೇ ಖಾರವಾದ ಹೊಸ ಕಾಯಿ ಬಂದಾಗ ಅದು ‘ಮೆಣಸಿನ ಕಾಯಿ’ ಆಯಿತು. ಇಂದು ಬ್ಯಾಡಗಿಯ ಹೆಸರಿಲ್ಲದೆ ಮೆಣಸಿನಕಾಯಿಯನ್ನು ನೆನೆಯುವುದೇ ಕಷ್ಟ.

ಬಾಣಲೆಯ ಎಣ್ಣೆಯದೂ ಇದೇ ಕಥೆ. ಕುಸುಬೆ ಮತ್ತು ಎಳ್ಳು ಇಲ್ಲಿಯ ಹಳೆಯ ಎಣ್ಣೆಕಾಳುಗಳು. ಶೇಂಗಾ ಅಮೆರಿಕದಿಂದ ಬಂದುದು. ಶೇಂಗಾದ ಹಿಂಡಿಯಿಲ್ಲದೆ ರೊಟ್ಟಿಯ ಊಟ ಪೂರ್ಣವಾಗದ ಈ ನಾಡಿನಲ್ಲಿ, ನಾಲ್ಕೈದು ಶತಮಾನಗಳ ಹಿಂದೆ ಅದರ ಹೆಸರೂ ಇರಲಿಲ್ಲವೆಂದರೆ ನಂಬುವುದು ಕಠಿಣ.

ಗಿರ್ಮಿಟ್ಟಿನಲ್ಲಿ ಹಳೆಯದರ ಪಾಲು ಹೆಚ್ಚು. ಚುರುಮುರಿ, ಹುಣಿಸೆ, ಬೆಲ್ಲ, ಪುಠಾಣಿಯ ಹಿಟ್ಟು, ಉಳ್ಳಾಗಡ್ಡಿ, ಕೊತ್ತಂಬರಿ—ಇವೆಲ್ಲ ಪೂರ್ವಪರಿಚಿತ; ಟೊಮ್ಯಾಟೊ ಮತ್ತು ಹಸಿಮೆಣಸಿನಕಾಯಿ ಹೊಸಬರು. ಬದಿಯಲ್ಲಿ ಕರಿಯುವ ಬದನೆಕಾಯಿ ಭಜಿಯಾದರೋ ಈ ನೆಲದ ಹಳೆಯ ಕಾಯಿಪಲ್ಯದ್ದು. ಅದರ ಪಕ್ಕದ ಬಟಾಟೆಯ ಭಜಿ, ಹೆಸರೇ ಹೇಳುವಂತೆ, ಪೋರ್ಚುಗೀಸರ ‘ಬಟಾಟಾ’. ಹೀಗೆ ಒಂದೇ ಬಾಣಲೆಯಲ್ಲಿ ಎರಡು ಗೋಲಾರ್ಧಗಳು ಕೂಡಿ ಬೇಯುತ್ತವೆ.

೬. ಸಿಹಿತಿನಿಸುಗಳೂ ವಲಸೆಯೂ

ಪ್ರವಾಸಿಗನು ಊರಿಗೆ ಕಟ್ಟಿಸಿಕೊಂಡು ಹೋಗುವ ಸಿಹಿಗಳಲ್ಲಿ ವಸ್ತುವಿನ ವಲಸೆಗಿಂತ ಮನುಷ್ಯರ ವಲಸೆ ಎದ್ದು ಕಾಣುತ್ತದೆ. ಧಾರವಾಡದ ಪೇಡೆ ಇದಕ್ಕೆ ಉತ್ತಮ ನಿದರ್ಶನ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಹಿಂದುಸ್ಥಾನದ ಉನ್ನಾವಿನಿಂದ ಬಂದು ನೆಲಸಿದ ಠಾಕೂರ ಮನೆತನದವರು ಅದನ್ನು ಅಲ್ಲಿ ಆರಂಭಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಖೋವೆಯನ್ನು ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಮೇಲೆ ಸಕ್ಕರೆಯ ಪುಡಿಯನ್ನು ಹೊರಳಿಸಿದ ಆ ಪೇಡೆಯು ಇಂದು ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿದೆ. ಬೆಳಗಾವಿಯ ಕುಂದವೂ ಮಾರವಾಡದ ಕಡೆಯಿಂದ ಬಂದ ಮಿಠಾಯಿಗಾರರ ಹೆಸರಿನೊಡನೆ ಕೂಡಿಕೊಂಡಿದೆ. ಜಾತ್ರೆಗಳಲ್ಲಿ ಬೆಂಡು ಬತ್ತಾಸುಗಳ ಪಕ್ಕದಲ್ಲಿ ರಾಶಿಯಾಗಿ ಬೀಳುವ ಜಿಲೇಬಿಯ ಹೆಸರು ಪಶ್ಚಿಮ ಏಷ್ಯದ ‘ಜಲಾಬಿಯಾ’ ಶಬ್ದದ ಬಂಧು.

ಇವಕ್ಕೆ ಎದುರಾಗಿ ಗೋಕಾವಿಯ ಮತ್ತು ಅಮೀನಗಡದ ಕರದಂಟನ್ನು ಇಡಬಹುದು. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿಗಳ ಈ ತಿನಿಸಿನ ಹೆಸರು ಅಚ್ಚಗನ್ನಡದ್ದು. ಬಾಣಂತಿಯರ ಪಥ್ಯದ ಅಂಟಿನುಂಡೆಯ ಬಂಧುವಾದ ಇದು ಮನೆಯಿಂದ ಅಂಗಡಿಗೆ ಬಂದುದು. ಐಹೊಳೆಗೆ ಹೋಗುವ ಪ್ರವಾಸಿಗರು ಅಮೀನಗಡದಲ್ಲಿ ಇಳಿದು ಕೊಳ್ಳುವ ಪೊಟ್ಟಣದಲ್ಲಿ, ಹೆಸರಿಲ್ಲದ ಅನೇಕ ಹೆಂಗಸರ ಅಡುಗೆಮನೆಯ ತಿಳಿವಳಿಕೆಯೂ ಸೇರಿದೆ.

ಊರಿನ ತಿನಿಸು ಪರ ಊರಿನವರಿಗೆ ಪರಿಚಿತವಾಗಲು ಹಾದಿ ಬೇಕು. ನಮ್ಮ ಭಾಗದಲ್ಲಿ ಆ ಬದಲಾವಣೆಯನ್ನು ತಂದುದು ರೈಲು. ಸದರ್ನ್ ಮರಾಠಾ ರೈಲ್ವೆಯ ಗದಗ–ಹೋಟಗಿ ಮಾರ್ಗವು 1884ರಲ್ಲಿ ತೆರೆಯಿತು. ಹತ್ತಿಯ ವ್ಯಾಪಾರದ ಗದಗು ರೈಲಿನ ಕೂಡುದಾಣವಾಯಿತು. ಸತ್ರದ ಎಲೆಯಲ್ಲಿ ಕುಳಿತು ಉಣ್ಣುತ್ತಿದ್ದ ಯಾತ್ರಿಕನ ಸ್ಥಾನದಲ್ಲಿ, ಕೈಯಲ್ಲಿ ಪೊಟ್ಟಣ ಹಿಡಿದು ಗಾಡಿ ಕಾಯುವ ಪ್ರಯಾಣಿಕನು ಬಂದನು. ಬೇಗ ಆಗುವ, ನಿಂತು ತಿನ್ನಬಹುದಾದ ತಿಂಡಿಗೂ, ಕೆಡದೆ ನಾಲ್ಕು ದಿನ ಉಳಿಯುವ ಸಿಹಿಗೂ ಇಂತಹ ಪ್ರಯಾಣವು ಅನುಕೂಲವಾಗಿತ್ತು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಬರುವ ನಿರ್ಣಯವಿಷ್ಟು: ಒಂದು ತಿನಿಸು ಒಂದು ಊರಿನದಾಗುವುದು ಅದು ಅಲ್ಲಿ ಹುಟ್ಟಿದುದರಿಂದಲ್ಲ, ಅಲ್ಲಿಯ ಕೈಗಳು ಅದನ್ನು ದಿನದಿನವೂ ಮಾಡಿ ತಮ್ಮದನ್ನಾಗಿಸಿಕೊಂಡುದರಿಂದ. ಇದು ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ತೈವಾನ್ ದ್ವೀಪಕ್ಕೆ ಹೋದವರು ಅಲ್ಲಿಯ ಗುರುತೆಂದು ಊರಿಗೆ ತರುವ ಪ್ರಖ್ಯಾತ ಬಿಸ್ಕತ್ತಿನ ಹೂರಣ ಅನಾನಸಿನದು. ಅನಾನಸೂ ಮೆಣಸಿನಕಾಯಿಯಂತೆ ಅಮೆರಿಕದಿಂದ ಬಂದುದೇ. ಅದರಿಂದ ತೈವಾನಿಗಾಗಲಿ ಗದಗಿಗಾಗಲಿ ಯಾವ ಕುಂದೂ ಇಲ್ಲ. ‘ಚಾಲುಕ್ಯರ ಕಾಲದ್ದು’ ಎಂಬ ಸುಳ್ಳು ಹಿರಿಮೆಯನ್ನು ಭಜಿಗೆ ತೊಡಿಸಿದರೆ ಮಾತ್ರ, ಅದನ್ನು ನಿಜವಾಗಿ ರೂಪಿಸಿದವರ ಶ್ರಮವನ್ನು ನಾವು ಅಳಿಸಿದಂತಾಗುತ್ತದೆ.

ಈ ಅಳಿವಿಗೆ ಪ್ರಸ್ತುತ ಲೇಖಕನೂ ಹೊಣೆಗಾರನೇ. ಮೇಲೆ ಹೇಳಿದ ಪ್ರವಾಸದ ಬಂಡಿಯಲ್ಲಿ ಕರಿಯುತ್ತಿದ್ದವರು ಒಬ್ಬ ವೃದ್ಧೆ. ಲೇಖಕನು ಮುಂದೆ ಎರಡು ಬಾರಿ ಹೋಗಿ, ಹಿಟ್ಟಿನ ಹದವನ್ನೂ ಮಸಾಲೆಯ ಪ್ರಮಾಣವನ್ನೂ ಬರೆದುಕೊಂಡು ಬಂದನು. ‘ನನ್ನ ಸುದ್ದೀನೂ ಬರೀತೀಯೇನಪ್ಪಾ?’ ಎಂದು ಅವರು ನಕ್ಕು ಕೇಳಿದರು. ಮುಂದಿನ ಸಲ ಎಂದು ಹೇಳಿಯಾಯಿತು. ಮುಂದಿನ ಸಲ ಹೋದಾಗ ಬಂಡಿ ಇರಲಿಲ್ಲ, ಅವರು ತೀರಿಕೊಂಡಿದ್ದರು. ಅವರು ಯಾವ ಊರಿನಿಂದ ಬಂದವರು, ಯಾರಿಂದ ಕಲಿತರು, ಬಂಡಿಯ ದುಡಿಮೆಯಿಂದ ಎಷ್ಟು ಮಕ್ಕಳನ್ನು ಓದಿಸಿದರು ಎಂಬುದು ಟಿಪ್ಪಣಿ ಪುಸ್ತಕದಲ್ಲಿಲ್ಲ. ಮಾನಸೋಲ್ಲಾಸದಂತೆ ಲೇಖಕನೂ ಪಾಕವನ್ನು ಬರೆದು, ಪಾಕ ಮಾಡಿದವರನ್ನು ಬಿಟ್ಟನು.

ಆದುದರಿಂದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿಗೆ, ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಗೆ, ಮುಂಡರಗಿಯ ಸಂತೆಗೆ ಹೋದಾಗ ಶಿಲ್ಪದ ಅಳತೆಯೊಡನೆ ತಿನಿಸಿನ ವಿವರವನ್ನೂ ಬರೆದುಕೊಳ್ಳಿರಿ: ಹಿಟ್ಟು ಯಾವುದು, ಎಣ್ಣೆ ಯಾವುದು, ಹಿಂದೆ ಯಾವ ಎಣ್ಣೆ ಇತ್ತು, ಹಬ್ಬಕ್ಕೆ ಏನು ಬದಲಾಗುತ್ತದೆ. ಆದರೆ ಮೊದಲು ಮಾಡುವವರನ್ನು ಮಾತನಾಡಿಸಿ, ಅವರು ಒಪ್ಪಿದರೆ ಅವರ ಬಾಳಿನ ವೃತ್ತಾಂತವನ್ನು ಬರೆಯಿರಿ. ಪಾಕವನ್ನು ಆಮೇಲೆ ಕೇಳಿದರೂ ಆದೀತು. ಕಲ್ಲಿನ ಶಾಸನವು ನಾಳೆಯೂ ಅಲ್ಲಿಯೇ ಇರುತ್ತದೆ. ಬಂಡಿಯು ನಾಳೆ ಅಲ್ಲಿರುವುದೆಂಬ ನಂಬಿಕೆಯಿಲ್ಲ.