ಫೈಲಿನ ಗೇಟ್ ಪಾಸ್ ಯಾರ ಕೈಯಲ್ಲಿ?

ಬೆಂಗಳೂರಿನ ವಿಮಾನಪುರದವರಿಗೆ ಗೇಟ್ ಪಾಸ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. 1940ರಲ್ಲಿ ಶುರುವಾದ ಎಚ್‌ಎಎಲ್ ಕಾರ್ಖಾನೆಯ ಆಸುಪಾಸಿನಲ್ಲೇ ವಿಮಾನ ಅಭಿವೃದ್ಧಿ ಸಂಸ್ಥೆ ಎಡಿಎ ಇದೆ, ಯು.ಆರ್. ರಾವ್ ಉಪಗ್ರಹ ಕೇಂದ್ರವಿದೆ. ಒಂದು ಕಡೆಯ ಪಾಸು ಇನ್ನೊಂದು ಕಡೆಯ ಗೇಟಿನಲ್ಲಿ ನಡೆಯದು. ಪೆಟ್ಟಿಗೆಯ ಮೇಲೆ ಕಳಿಸಿದವರು ಏನೇ ಬರೆದಿರಲಿ, ಒಳಗೆ ಬಿಡುವವರು ಆ ಗೇಟಿನವರು. ಒಂದು ಸರ್ವರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವ ಐವತ್ತು ವರ್ಷಗಳ ಚರಿತ್ರೆಯಲ್ಲೂ ಇದೇ ತಕರಾರು: ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ಹೇಳಬೇಕಾದವರು ಕಳಿಸಿದವರೋ, ಪಡೆದವರೋ?

ನನಗೆ ಈ ತಕರಾರು ಮೊದಲು ಎದುರಾದದ್ದು ಮುರುಗೇಶಪಾಳ್ಯದ ಒಂದು ಮಹಡಿ ಮೇಲಿನ ಕಚೇರಿಯಲ್ಲಿ. ಹಳೆಯ ವಿಮಾನ ನಿಲ್ದಾಣ ಇನ್ನೂ ನಡೆಯುತ್ತಿದ್ದ ಕಾಲ. ವಿಮಾನ ಇಳಿದಾಗಲೆಲ್ಲ ಕಿಟಕಿ ಗಾಜು ಗುಂಯ್‌ಗುಟ್ಟುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಒಬ್ಬ ಗಿರಾಕಿಯ ಜಾಲತಾಣವನ್ನು ಎಫ್‌ಟಿಪಿಯಲ್ಲಿ ಏರಿಸಿದೆ. ತೆರೆದು ನೋಡಿದರೆ 403, ಪ್ರವೇಶವಿಲ್ಲ. ಫೈಲುಗಳೆಲ್ಲ 600 ಆಗಿ ಕೂತಿದ್ದವು. ಯಾರೋ ಹೇಳಿಕೊಟ್ಟಿದ್ದ ರಾಮಬಾಣ ಬಿಟ್ಟೆ: ಎಲ್ಲಕ್ಕೂ 777. ಪುಟ ತೆರೆಯಿತು, ಮನೆಗೆ ಹೋದೆ. ಎರಡು ತಿಂಗಳಲ್ಲಿ ಯಾರೋ ಅದೇ ಡೈರೆಕ್ಟರಿಗೆ ನುಗ್ಗಿ ಮಾತ್ರೆ ಮಾರುವ ಪುಟವೊಂದನ್ನು ಇಟ್ಟುಹೋಗಿದ್ದರು. ಬಾಗಿಲನ್ನು ಹಾರುಹೊಡೆದು ಇಟ್ಟವನು ನಾನೇ ಆದ್ದರಿಂದ ಯಾರನ್ನು ಬೈಯಲಿ?

ಈ ಅಂಕಿಗಳ ಬೇರು 1971ರಲ್ಲಿದೆ. ಆ ವರ್ಷದ ನವೆಂಬರ್‌ನಲ್ಲಿ ಬಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಅನುಮತಿ ಬದಲಿಸುವ ಚ್‌ಮಾಡ್ ಆಜ್ಞೆ ಇತ್ತು. (ನಮ್ಮ ಕಿವಿಗೆ ಅದು ‘ಮಾಡು’ ಎಂದೇ ಕೇಳುತ್ತದೆ.) ಆಗ ಇದ್ದದ್ದು ಒಡೆಯ ಮತ್ತು ಒಡೆಯನಲ್ಲದವರು, ಎರಡೇ ಜಾತಿ; ನಡುವಿನ ‘ಗುಂಪು’ ಆಮೇಲೆ ಸೇರಿತು. ಓದಲು 4, ಬರೆಯಲು 2, ನಡೆಸಲು 1. ಕೂಡಿಸಿದರೆ ಒಬ್ಬೊಬ್ಬರಿಗೆ ಒಂದು ಅಂಕಿ. 644 ಎಂದರೆ ಒಡೆಯ ಓದಿ ಬರೆಯಬಹುದು, ಗುಂಪಿನವರೂ ಉಳಿದವರೂ ಓದಬಹುದು. ಮುಖ್ಯ ಸಂಗತಿ ಏನೆಂದರೆ, ಈ ಅಂಕಿ ಫೈಲಿನ ಒಳಗೆ ಇರುವುದಿಲ್ಲ. ಐನೋಡ್ ಎಂಬ ಬೇರೆ ಲೆಕ್ಕದ ಚೀಟಿಯಲ್ಲಿರುತ್ತದೆ. ಫೈಲಿನ ಒಳಗಿರುವುದನ್ನು ಮಾತ್ರ ನಕಲು ಮಾಡಿ ಕಳಿಸಿದರೆ ಚೀಟಿ ಇಲ್ಲೇ ಉಳಿಯುತ್ತದೆ.

ಅದೇ 1971ರ ಏಪ್ರಿಲ್‌ನಲ್ಲಿ ಎಫ್‌ಟಿಪಿಯ ಮೊದಲ ಕರಡು ಬರೆದವರು ಅಭಯ್ ಭೂಷಣ್. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋಗಿದ್ದವರು. ಅವರ ಮುಂದಿದ್ದ ಯಂತ್ರಗಳು ಒಂದೊಂದು ಒಂದೊಂದು ಜಾತಿಯವು. ಒಂದರ ಅನುಮತಿಯ ಭಾಷೆ ಇನ್ನೊಂದಕ್ಕೆ ತಿಳಿಯದು. ಹಾಗಾಗಿ ಬಳಕೆದಾರನ ಹೆಸರು, ಗುಪ್ತಪದ ಕೇಳಿ ಒಳಗೆ ಬಿಡುವ ಏರ್ಪಾಡು ಆಯಿತೇ ಹೊರತು ಫೈಲಿನ ಜೊತೆ ಅನುಮತಿ ಸಾಗಿಸುವ ದಾರಿ ಆಗಲಿಲ್ಲ. ಅಕ್ಟೋಬರ್ 1985ರ ಪರಿಷ್ಕೃತ ನಿಯಮದಲ್ಲೂ ಅದಿಲ್ಲ. ಆಯಾ ತಾಣದವರು ತಮಗೆ ಬೇಕಾದ್ದನ್ನು ಸೇರಿಸಿಕೊಳ್ಳಲಿ ಎಂದು ‘ಸೈಟ್’ ಎಂಬ ಆಜ್ಞೆಯೊಂದನ್ನು ಬಿಟ್ಟುಕೊಟ್ಟಿದ್ದಾರೆ. ಕೆಲವು ಸರ್ವರುಗಳು ಅದರಲ್ಲೇ ಚ್‌ಮಾಡ್ ತೂರಿಸಿದವು.

ಅದೇ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಗೆ ಬಂತು. ಉಪಗ್ರಹ ಸಂಪರ್ಕದ ಡಿಶ್ ಎತ್ತಿನ ಗಾಡಿಯಲ್ಲಿ ಬಂದ ಕಥೆ ಬೆಂಗಳೂರಿನವರಿಗೆ ಗೊತ್ತು. ಅದರ ಮೂಲಕ ಇಲ್ಲಿನ ಚಿಪ್ ವಿನ್ಯಾಸದ ಫೈಲುಗಳು ಸಮುದ್ರ ದಾಟಿದವು. ಆಗ ಎರಡೂ ತುದಿಯಲ್ಲಿ ಒಂದೇ ಕಂಪನಿ. ಮುಂದೆ ದೊಮ್ಮಲೂರು, ಸಿ.ವಿ. ರಾಮನ್ ನಗರದ ಕಚೇರಿಗಳು ಬೇರೆಯವರ ಕೆಲಸವನ್ನು ಗುತ್ತಿಗೆಗೆ ಹಿಡಿದ ಮೇಲೆ ಎರಡು ತುದಿಗೆ ಇಬ್ಬರು ಯಜಮಾನರಾದರು. ಅನುಮತಿಯ ಕಿರಿಕಿರಿ ಹೆಚ್ಚಿದ್ದು ಅಲ್ಲಿಂದ ಎಂಬುದು ನನ್ನ ಅಂದಾಜು.

ಪಡೆಯುವ ಯಂತ್ರದ ಕೈಯಲ್ಲಿ ಒಂದು ಜರಡಿಯೂ ಇದೆ: ಯುಮಾಸ್ಕ್. ಹೊಸ ಫೈಲ್ ಹುಟ್ಟುವಾಗ ಯಾವ ಅನುಮತಿ ಇರಕೂಡದು ಎಂದು ಹೇಳುವ ಅಂಕಿ. ಸಾಮಾನ್ಯವಾಗಿ ಫೈಲು 666ರಿಂದ ಶುರುವಾಗುತ್ತದೆ. ಯುಮಾಸ್ಕ್ 022 ಆದರೆ 644 ಉಳಿಯುತ್ತದೆ. ಇದನ್ನು ವ್ಯವಕಲನ ಎಂದು ಕಲಿಸುವವರಿದ್ದಾರೆ, ಅದು ತಪ್ಪು. ಯುಮಾಸ್ಕ್ 033 ಇಟ್ಟರೂ 633 ಆಗದು, 644 ಆಗಿಯೇ ಉಳಿಯುತ್ತದೆ. ಇಲ್ಲದ ‘ನಡೆಸುವ’ ಅನುಮತಿಯನ್ನು ಕಿತ್ತುಕೊಳ್ಳುವುದು ಹೇಗೆ? ನನ್ನ 600ರ ಗುಟ್ಟೂ ಇಷ್ಟೆ. ಆ ಸರ್ವರಿನ ಯುಮಾಸ್ಕ್ 077 ಇತ್ತು.

ಕಳಿಸುವವರ ಮಾತಿಗೆ ಬೆಲೆ ಬಂದದ್ದು ಬರ್ಕ್ಲಿಯ ಆರ್‌ಸಿಪಿಯಿಂದ. ಅದು 1983ರ ಹೊತ್ತಿನದು. ಎರಡೂ ಕಡೆ ಯುನಿಕ್ಸ್ ಇದೆ ಎಂಬ ಧೈರ್ಯದ ಮೇಲೆ ಕಟ್ಟಿದ್ದು. 1995ರಲ್ಲಿ ಹೆಲ್ಸಿಂಕಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವಾದಾಗ ತಾತು ಯುಲೊನೆನ್ ಎಸ್‌ಎಸ್‌ಎಚ್ ಬರೆದರು. ಆರ್‌ಸಿಪಿಯ ಪದ್ಧತಿಯೇ ಬೀಗ ಹಾಕಿಕೊಂಡು ಎಸ್‌ಸಿಪಿ ಆಯಿತು. ಅದರ ಒಳಗೆ ಇಣುಕಿದರೆ ಲಾರಿ ರಸೀದಿಯಂಥ ಒಂದು ಸಾಲು ಕಾಣುತ್ತದೆ. ಮೊದಲು ‘ಸಿ’ ಅಕ್ಷರ, ಅದಕ್ಕಂಟಿಕೊಂಡು 0644, ಆಮೇಲೆ ಗಾತ್ರ, ಕೊನೆಗೆ ಫೈಲಿನ ಹೆಸರು. ಸರಕು ಬರುವುದು ಇದರ ಹಿಂದೆ. ಪಡೆಯುವವನು 0644ನ್ನು ತನ್ನ ಯುಮಾಸ್ಕ್ ಜರಡಿಯಲ್ಲಿ ಸೋಸುತ್ತಾನೆ. ‘ಮೈನಸ್ ಪಿ’ ಹಾಕಿ ಕಳಿಸಿದರೆ ಜರಡಿ ಪಕ್ಕಕ್ಕಿಟ್ಟು ಬರೆದದ್ದನ್ನು ಬರೆದಂತೆ ಒಪ್ಪುತ್ತಾನೆ.

ಜೂನ್ 1996ರಲ್ಲಿ ಕ್ಯಾನ್‌ಬೆರಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ ಪ್ರಕಟಿಸಿದ ಆರ್‌ಸಿಂಕ್ ಈ ಜಗಳವನ್ನು ಎಲ್ಲರಿಗಿಂತ ಬಿಚ್ಚುಮನಸ್ಸಿನಿಂದ ನೋಡಿತು. ‘ಮೈನಸ್ ಎ’ ಎಂದರೆ ಕಳಿಸಿದವರ ಅನುಮತಿಯೇ ಖಾಯಂ. ಅನುಮತಿ ಉಳಿಸು ಎನ್ನದಿದ್ದರೆ ಹೊಸ ಫೈಲಿನ ಅನುಮತಿಯನ್ನು ಯುಮಾಸ್ಕ್ ಸೋಸುತ್ತದೆ, ಅಲ್ಲಿ ಮೊದಲೇ ಇದ್ದ ಫೈಲಿನ ಅನುಮತಿಯನ್ನು ಮುಟ್ಟುವುದಿಲ್ಲ. ಎರಡೂ ಬೇಡವೆಂದರೆ ದಾರಿಯಲ್ಲೇ ಚ್‌ಮಾಡ್ ಮಾಡಿಸಬಹುದು: ಡೈರೆಕ್ಟರಿಗೆ 2775, ಫೈಲಿಗೆ 664. ಮೊದಲಿನ ಆ 2 ಇದ್ದರೆ ಒಳಗೆ ಹುಟ್ಟುವ ಫೈಲಿಗೂ ಅದೇ ಗುಂಪು ಅಂಟುತ್ತದೆ. ನಾನು ಇಂದಿಗೂ ರಾತ್ರಿಯ ನಕಲಿಗೆ ನೆಚ್ಚುವುದು ಇದನ್ನೇ.

ಎಸ್‌ಎಸ್‌ಎಚ್ ಮೇಲೆಯೇ ಫೈಲ್ ಸಾಗಿಸುವ ಎಸ್‌ಎಫ್‌ಟಿಪಿ ಮಾತ್ರ ಹಲವರ ನಿದ್ದೆ ಕೆಡಿಸಿದೆ. ನಾಲ್ಕೈದು ಮಂದಿಯ ತಂಡ, ಎಲ್ಲರೂ ಒಂದೇ ಡೈರೆಕ್ಟರಿಗೆ ಫೈಲ್ ಹಾಕಬೇಕು, ಒಬ್ಬರದನ್ನು ಇನ್ನೊಬ್ಬರು ತಿದ್ದಬೇಕು. ಸರ್ವರಿನಲ್ಲಿ ಯುಮಾಸ್ಕ್ 002 ಇಡುತ್ತಾರೆ, 664 ಬರಲಿ ಎಂದು. ಬರುವುದು 644. ಮತ್ತೆ ತಿದ್ದುತ್ತಾರೆ, ಸರ್ವರ್ ಮರುಚಾಲನೆ ಮಾಡುತ್ತಾರೆ, ಮತ್ತೆ 644. ಕಾರಣ, ಕಳಿಸುವ ಕಡೆಯ ತಂತ್ರಾಂಶವೇ ತನ್ನ ಫೈಲಿನ 644ನ್ನು ಹೇಳಿ ಕಳಿಸಿರುತ್ತದೆ. ಯುಮಾಸ್ಕ್ ಜರಡಿ, ಕಳೆಯಬಲ್ಲದು, ಸೇರಿಸಲಾರದು. ಸರಿ, ಪ್ರವೇಶ ಪಟ್ಟಿ ಅಂದರೆ ಎಸಿಎಲ್ ಹಾಕೋಣವೆಂದರೆ ಲಿನಕ್ಸಿನಲ್ಲಿ ಅದೂ ಬಂದ 644ಕ್ಕೆ ತಲೆಬಾಗುತ್ತದೆ: ಗುಂಪಿಗೆ ಬರೆಯುವ ಹಕ್ಕು ಪಟ್ಟಿಯಲ್ಲಿ ಕಾಣುತ್ತದೆ, ಆ ಪಟ್ಟಿಯದೇ ‘ಮಾಸ್ಕ್’ ಎಂಬ ಮಿತಿ ಅದನ್ನು ತಡೆದಿರುತ್ತದೆ. ಕೊನೆಗೆ ರೆಡ್ ಹ್ಯಾಟ್‌ನವರು, ಬಂದದ್ದು ಏನೇ ಇರಲಿ ಇಂಥದೇ ಅನುಮತಿ ಹಾಕು ಎನ್ನುವ ತೇಪೆಯೊಂದನ್ನು ತಮ್ಮ ಓಪನ್‌ಎಸ್‌ಎಸ್‌ಎಚ್‌ಗೆ ಹಚ್ಚಿದರು. ಏಪ್ರಿಲ್ 2022ರ ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಆಜ್ಞೆಯೂ ಒಳಗೊಳಗೆ ಎಸ್‌ಎಫ್‌ಟಿಪಿಯನ್ನೇ ಬಳಸುತ್ತದೆ. ಲಾರಿ ರಸೀದಿಯ ಸಾಲು ಅಲ್ಲಿಗೆ ತೆರೆಮರೆಗೆ ಸರಿಯಿತು.

ಕ್ಲೌಡ್ ಬಂದ ಮೇಲೆ ಜಗಳ ಜಾಗ ಬದಲಿಸಿತು. ಅಮೆಜಾನಿನ ಎಸ್3 ಉಗ್ರಾಣದಲ್ಲಿ 644, 755 ಎಂಬ ಮಾತೇ ಇಲ್ಲ. ಆದರೆ ಬಹುಕಾಲ ಅಲ್ಲಿ ಏರಿಸಿದವರೇ ಒಡೆಯರು. ಬೇರೆ ಖಾತೆಯವರು ನಮ್ಮ ಬಕೆಟ್ಟಿಗೆ ಫೈಲ್ ಹಾಕಿದರೆ, ಬಾಡಿಗೆ ಕಟ್ಟುವವರು ನಾವು, ತೆರೆಯಲು ಹೋದರೆ ಅನುಮತಿ ಇಲ್ಲ. ಏಪ್ರಿಲ್ 2023ರಿಂದ ಹೊಸ ಬಕೆಟ್ಟುಗಳಲ್ಲಿ ಬಕೆಟ್ಟಿನ ಯಜಮಾನನೇ ಎಲ್ಲದರ ಒಡೆಯ ಎಂಬ ಪದ್ಧತಿ ತಾನಾಗಿ ಜಾರಿಯಲ್ಲಿರುತ್ತದೆ. ಗೇಟಿನವರ ಮಾತೇ ಗೆದ್ದಿತು ಅನ್ನಿ.

ಇತ್ತ ಕಂಟೇನರುಗಳಲ್ಲಿ ಹಳೆಯ ಕಾಯಿಲೆಯೊಂದು ಮರುಕಳಿಸಿದೆ. ಯಂತ್ರಕ್ಕೆ ಒಡೆಯನ ಹೆಸರು ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಇಲ್ಲಿ 1001 ಎಂದರೆ ಲೆಕ್ಕಪತ್ರದ ಹುಡುಗಿ, ಅಲ್ಲಿ 1001 ಎಂದರೆ ಇನ್ನಾರೋ. ಆರ್‌ಸಿಂಕ್ ಹೆಸರು ನೋಡಿ ಹೊಂದಿಸಲು ಯತ್ನಿಸುತ್ತದೆ, ಟಾರ್ ಹೆಸರು ಅಂಕಿ ಎರಡನ್ನೂ ಬರೆದುಕೊಳ್ಳುತ್ತದೆ. ಕಂಟೇನರಿನ ಜೊತೆ ಹಂಚಿಕೊಂಡ ಡೈರೆಕ್ಟರಿಗೆ ಅಂಥ ದುಭಾಷಿ ಸಾಮಾನ್ಯವಾಗಿ ಇರುವುದಿಲ್ಲ. ಮೊನ್ನೆ ಕಚೇರಿಯ ಹೊಸ ಹುಡುಗ ಪರದೆ ತೋರಿಸಿ, “ಸಾರ್, ಈ ಫೈಲಿನ ಓನರ್ ಹೆಸರಿನ ಜಾಗದಲ್ಲಿ ಬರೀ 1001 ಇದೆಯಲ್ಲ, ಯಾರದು?” ಎಂದ. ನಮ್ಮ ಸರ್ವರಿನಲ್ಲಿ ಆ ಅಂಕಿಯವರು ಯಾರೂ ಇರಲಿಲ್ಲ.